ನಾತ ಡೈರಿ, ಕಂತು 14: ಆ 5.5ರ ಬಗ್ಗೆ ಸ್ವಲ್ಪ ಮಾತಾಡ್ಬೇಕು

(1/7)

ಮೊದಲ ಫೋಟೋ ಹಳೆಯದು, ಕಳೆದ ಅಕ್ಟೋಬರಿನದ್ದು. ಕಂತು 6ರಲ್ಲಿ ನೋಡಿದ್ದೀರಿ. ಸ್ಟೀಲ್ ಕೌಂಟರ್, ಬಿಳಿ ತಟ್ಟೆ, ತಟ್ಟೆಯಲ್ಲಿ ನಡು ಕುಗ್ಗಿದ ಒಂದು ನಾತ, ಪಕ್ಕದಲ್ಲಿ ನನ್ನ ಕೈಬರಹದ ಚೀಟಿ: 5.5. ಕೆಳಗೆ ನಾನು ಬರೆದದ್ದು ಹೀಗೆ: "ಹಾಳೆ ಮೆತ್ತಗೆ, ಕಸ್ಟರ್ಡ್ ರಬ್ಬರಿನ ಹಾಗೆ. ನಮ್ಮ ಓಣಿಯ ಅಂಗಡಿ ಅಂತ ಅರ್ಧ ಅಂಕ ಜಾಸ್ತಿ ಕೊಟ್ಟಿದ್ದೇನೆ." ನೀವೆಲ್ಲ ನಗುವ ಇಮೋಜಿ ಹಾಕಿದ್ರಿ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಆ ಅಂಕ ಈಗ ನನಗೆ ಕಿರಿಕಿರಿ ಮಾಡ್ತಾ ಇದೆ. ಅದೊಂದೇ ಅಲ್ಲ, ಈ ಹದಿಮೂರು ಕಂತಿನಲ್ಲಿ ನಾನು ಅಂಕ ಕೊಟ್ಟ ರೀತಿಯೇ ಸರಿಯಿರಲಿಲ್ಲ ಅನ್ನಿಸ್ತಿದೆ. ಯಾಕೆ ಅಂತ ಹೇಳ್ತೇನೆ. ಉದ್ದ ಇದೆ, ಚಾ ಮಾಡ್ಕೊಂಡು ಬನ್ನಿ.

ಹೊಸದಾಗಿ ಬಂದವರಿಗೆ ಒಂದು ಮಾತು. ಹೌದು, ಹೆಸರು ನಾತ. ಕನ್ನಡದಲ್ಲಿ ಅದಕ್ಕೇನರ್ಥ ಅಂತ ನನಗೂ ಗೊತ್ತು, ದಯವಿಟ್ಟು ಮತ್ತೆ ಕಾಮೆಂಟಿನಲ್ಲಿ ತಿಳಿಸಬೇಡಿ. ಪೋರ್ಚುಗೀಸಿನಲ್ಲಿ ನಾತ ಅಂದ್ರೆ ಕೆನೆ. ಪೂರ್ತಿ ಹೆಸರು ಪಶ್ತೆಲ್ ದ ನಾತ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಬಟ್ಟಲು, ಗರಿಗರಿ ಹಾಳೆ ಹಾಳೆಯದ್ದು. ಒಳಗೆ ಮೊಟ್ಟೆಯ ಹಳದಿಯ ಕಸ್ಟರ್ಡ್. ಮೇಲೆ ಅಲ್ಲಲ್ಲಿ ಕಪ್ಪಗೆ ಸುಟ್ಟ ಕಲೆ. ಆ ಕಲೆ ಇರ್ಲೇಬೇಕು. ಮೂರು ಕಚ್ಚಿಗೆ ಮುಗೀತದೆ. ಲಿಸ್ಬನ್ನಿನಲ್ಲಿ ಒಂದು ಬಿಕಾ, ಅಂದ್ರೆ ಸಣ್ಣ ಕಪ್ಪಿನ ಗಟ್ಟಿ ಕಾಫಿ, ಜೊತೆಗೆ ಒಂದು ನಾತ ನಿಂತ್ಕೊಂಡು ತಿಂದು ಕೆಲಸಕ್ಕೆ ಓಡೋದು ಇಲ್ಲಿಯವರ ಬೆಳಗು. ನಮ್ಮಲ್ಲಿ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂತೇವಲ್ಲ, ಹಾಗೆ.

(2/7)

ಎರಡನೇ ಫೋಟೋ ಬೆಲೇಂನದ್ದು. ನೀಲಿ ಚಪ್ಪರ, ಅದರ ಕೆಳಗೆ ಕ್ಯೂ. "ಮೊದಲು ಅಲ್ಲಿಗೇ ಹೋಗ್ಬೇಕಾ?" ಅಂತ ವಾರಕ್ಕೆ ನಾಲ್ಕು ಜನ ಕೇಳ್ತೀರಿ. ಹೋಗಿ. 15ರ ಟ್ರಾಮ್ ಹತ್ತಿ ಹೋಗಿ. ನಾನೇನೂ ಅದನ್ನು ಬಯ್ಯೋದಿಲ್ಲ. 1837ರಿಂದ ಅದೇ ಜಾಗದಲ್ಲಿ ಬೇಯಿಸ್ತಿದ್ದಾರೆ, ಪಾಕವಿಧಾನ ಇವತ್ತಿಗೂ ಬೆರಳೆಣಿಕೆಯ ಜನಕ್ಕೆ ಮಾತ್ರ ಗೊತ್ತು. ಪಶ್ತೆಲ್ ದ ಬೆಲೇಂ ಅನ್ನೋ ಹೆಸರು ಅವರದ್ದು ಮಾತ್ರ, ಊರಲ್ಲಿ ಮಿಕ್ಕವರೆಲ್ಲ ಮಾಡೋದು ಪಶ್ತೆಲ್ ದ ನಾತ. ಕಂತು 1ರಲ್ಲಿ 9 ಕೊಟ್ಟಿದ್ದೆ.

ಪಕ್ಕದಲ್ಲೇ ಜೆರೋನಿಮುಶ್ ಮಠ. ಮಠದವರು ಬಟ್ಟೆಗೆ ಗಂಜಿ ಹಾಕೋಕೆ ಮೊಟ್ಟೆಯ ಬಿಳಿ ಬಳಸ್ತಿದ್ರು, ಉಳಿದ ಹಳದಿಯಲ್ಲಿ ಸಿಹಿ ಮಾಡ್ತಿದ್ರು ಅನ್ನೋದು ಎಲ್ಲರೂ ಹೇಳುವ ಕಥೆ. 1820ರ ಕ್ರಾಂತಿ ಆಯ್ತು, 1834ರಲ್ಲಿ ಸರ್ಕಾರ ಮಠಗಳನ್ನೆಲ್ಲ ಮುಚ್ಚಿಸ್ತು, ಸಿಹಿ ಮಾತ್ರ ಪಕ್ಕದ ಅಂಗಡಿಗೆ ಬಂತು. (ಇಸ್ತ್ರಿ ಅನ್ನೋ ನಮ್ಮ ಪದವೂ ಪೋರ್ಚುಗೀಸರದ್ದೇ ಅಂತಾರೆ. ಅಲಮಾರು, ಚಾವಿ, ಪಾದ್ರಿ ಕೂಡ. ಇಲ್ಲಿಗೆ ಬಂದ ಮೊದಲ ತಿಂಗಳು ಮನೆ ಮಾಲೀಕಳು ಚಾವಿ ಕೊಡ್ತಾ "ಶಾವ್" ಅಂದಾಗ ನಾನು "ಹಾಂ, ಚಾವಿ" ಅಂದಿದ್ದೆ. ಅವಳು ನನ್ನ ಉಚ್ಚಾರ ತಿದ್ದಿದಳು.)

ಆದರೆ ಆ ಮಠದೊಳಗೆ ಹೋದಾಗ ನನಗೆ ನಾತ ನೆನಪಾಗೋದಿಲ್ಲ, ಮೆಣಸಿನಕಾಳು ನೆನಪಾಗ್ತದೆ. ಒಳಗೆ ವಾಸ್ಕೋ ಡ ಗಾಮನ ಸಮಾಧಿ ಇದೆ. ಆಫ್ರಿಕಾ ಮತ್ತು ಪೂರ್ವದಿಂದ ಬಂದ ಸರಕಿನ ಮೇಲೆ ಹಾಕಿದ ಶೇಕಡಾ 5ರ ತೆರಿಗೆಯಿಂದ ಆ ಕಟ್ಟಡ ಎದ್ದದ್ದು, ಮೆಣಸಿನ ದುಡ್ಡು ಅಂತಲೇ ಅದಕ್ಕೆ ಹೆಸರು. ನಾನು ಹೊನ್ನಾವರದ ಕಡೆಯವಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ಕಥೆ ಕೇಳಿ ಬೆಳೆದವಳು. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬೇಲಿಯ ಹತ್ತಿರ ಎರಡು ದಾಲ್ಚಿನ್ನಿ ಮರ ಇವತ್ತಿಗೂ ಇವೆ. ನಾತದ ಮೇಲೆ ಉದುರಿಸೋಕೆ ಕೌಂಟರಿನಲ್ಲಿ ದಾಲ್ಚಿನ್ನಿ ಪುಡಿಯ ಡಬ್ಬಿ ಇಟ್ಟಿರ್ತಾರೆ. ಪ್ರತಿ ಸಲ ಅದನ್ನು ಕೈಗೆತ್ತಿಕೊಳ್ಳುವಾಗ ಒಂಥರಾ ಆಗ್ತದೆ. ಅದು ಬೇರೆ ಕಂತಿನ ವಿಷಯ, ಬಿಡಿ.

(3/7)

ಮನೆಯಲ್ಲಿ ಮೊಟ್ಟೆ ಒಳಗೆ ಬಂದದ್ದೇ ಇಲ್ಲ. ನಮಗೆ ಕಸ್ಟರ್ಡ್ ಅಂದ್ರೆ ಡಬ್ಬದ ಹಳದಿ ಪುಡಿ, ಹಾಲು, ಸಕ್ಕರೆ, ಮೇಲೆ ಹೆಚ್ಚಿದ ಬಾಳೆಹಣ್ಣು, ದಾಳಿಂಬೆ. ಮದುವೆ ಊಟದ ಕೊನೆಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೊಡ್ತಿದ್ದದ್ದು. ಅದರಲ್ಲಿ ಮೊಟ್ಟೆ ಇಲ್ಲ, ಇರೋದು ಮೆಕ್ಕೆಜೋಳದ ಹಿಟ್ಟು, ಬಣ್ಣ, ಪರಿಮಳ. ಅದನ್ನು ಕಂಡುಹಿಡಿದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಮೊಟ್ಟೆ ಆಗಿ ಬರ್ತಿರಲಿಲ್ಲ ಅಂತ. ಯಾವ ವರ್ಷ ಗೊತ್ತಾ? 1837. ಬೆಲೇಂನವರು ಬರೀ ಮೊಟ್ಟೆಯ ಹಳದಿ ನಂಬಿ ಅಂಗಡಿ ತೆರೆದ ವರ್ಷವೇ ಅಲ್ಲೊಬ್ಬ ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಿದ. ಇದು ಗೊತ್ತಾದ ದಿನ ಆಯಿಗೆ ಫೋನ್ ಮಾಡಿ ಹೇಳಿದೆ. ಆಯಿ ಎಲ್ಲ ಕೇಳಿಸ್ಕೊಂಡು, "ಹೆಸರೇ ನಾತ ಅಡ, ಅದ್ರಲ್ಲಿ ಮೊಟ್ಟೆ ಬೇರೆ ಇದ್ದಡ. ಕೂಸೇ, ನಿಂಗೆ ಬೇರೆ ಎಂತೂ ಸಿಕ್ತಿಲ್ಯನೆ?" ಅಂದಳು.

ಯಾಕೆ ಹೇಳಿದೆ ಅಂದ್ರೆ, ಮೊಟ್ಟೆಯ ಕಸ್ಟರ್ಡಿನ ರುಚಿ ನನ್ನ ನಾಲಿಗೆಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತಾರನೇ ವಯಸ್ಸಿಗೆ ಕಲಿತದ್ದು. ಕಲಿತ ಎರಡೇ ವರ್ಷಕ್ಕೆ ಹತ್ತರಲ್ಲಿ ಇಷ್ಟು ಅಂತ ತೀರ್ಪು ಕೊಡೋಕೆ ಕೂತಿದ್ದೆ.

(4/7)

ಈಗ ಅಸಲು ಸಂಗತಿ. ಮೂರನೇ ಫೋಟೋ ನೋಡಿ: ನಮ್ಮ ಮನೆ ಮೇಜು, ಐದು ತಟ್ಟೆ, ಕಣ್ಣಿಗೆ ದುಪಟ್ಟಾ ಕಟ್ಕೊಂಡ ನಾನು. ಜನವರಿಯ ಒಂದು ಭಾನುವಾರ ಇಲ್ಲಿನ ಕನ್ನಡದ ಗೆಳತಿಯರು ಮೂವರು ಬಂದಿದ್ರು. ನಾಲ್ಕು ಅಂಗಡಿಯಿಂದ ನಾತ ತಂದಿದ್ರು, ಎಲ್ಲ ನಾನು ಈಗಾಗ್ಲೇ 8ರ ಮೇಲೆ ಕೊಟ್ಟ ಅಂಗಡಿಗಳೇ. ಯಾವುದು ಯಾವುದು ಅಂತ ಗುರುತು ಹಿಡೀತೇನೆ ಅಂತ ಜಂಭ ಕೊಚ್ಚಿದ್ದೆ. ಐದನೆಯದು ಎಲ್ಲಿಯದು ಅಂತ ಹೇಳಲಿಲ್ಲ.

ಮೂರನೇ ತಟ್ಟೆಗೆ ನಾನು ಅತೀ ಹೆಚ್ಚು ಕೊಟ್ಟೆ. 8.5. "ಹಾಳೆ ಚೂರು ಚೂರಾಗಿ ಮುರೀತದೆ, ಒಳಗೆ ಇನ್ನೂ ನಡುಗ್ತಾ ಇದೆ, ನಿಂಬೆ ಸಿಪ್ಪೆಯ ಪರಿಮಳ ಹದವಾಗಿದೆ, ಇದು ಹಳೇ ಕೈಯ ಕೆಲಸ" ಅಂತ ವಿವರಣೆ ಬೇರೆ. ವಿಡಿಯೋ ಇದೆ, ಹಾಕೋದಿಲ್ಲ.

ಅದು ಸೂಪರ್ ಮಾರ್ಕೆಟಿನ ಫ್ರೀಜರಿನಿಂದ ತಂದ ಪ್ಯಾಕೆಟ್ ನಾತ. ನನ್ನದೇ ಓವನ್ನಿನಲ್ಲಿ, ನಾನು ಒಳಕೋಣೆಯಲ್ಲಿದ್ದಾಗ, ಧಾರವಾಡದ ಗೆಳತಿ ಬಿಸಿ ಮಾಡಿದ್ದು.

"ಇದು ಮೋಸ, ಅದು ಬಿಸಿ ಇತ್ತು, ಮಿಕ್ಕವು ಡಬ್ಬದಲ್ಲಿ ಮೆಟ್ರೋ ಹತ್ತಿ ಬಂದು ತಣ್ಣಗಾಗಿದ್ವು" ಅಂದೆ. ಅವಳು ಬಾಯಲ್ಲಿದ್ದದ್ದನ್ನು ನುಂಗಿ, "ಹಂಗಾರ ನೀ ಇಷ್ಟ ದಿನಾ ಅಂಕಾ ಕೊಟ್ಟಿದ್ದು ನಾತಕ್ಕೋ, ಬಿಸಿಗೋ?" ಅಂದಳು.

ಅವತ್ತು ರಾತ್ರಿ ಡೈರಿ ತೆಗೆದು ನೋಡಿದೆ. ಪ್ರತಿ ಅಂಗಡಿಯ ಎದುರು ಹೋದ ಹೊತ್ತು ಬರೆದಿಟ್ಟಿದ್ದೆ, ಆದರೆ ಅದನ್ನು ಯಾವತ್ತೂ ಅಂಕದ ಪಕ್ಕ ಇಟ್ಟು ನೋಡಿರ್ಲಿಲ್ಲ. 8ರ ಮೇಲಿನವು ಎಲ್ಲವೂ ಬೆಳಿಗ್ಗೆ 11ರ ಒಳಗಿನವು, ಇಲ್ಲಾ ಮಂತೈಗರಿಯದಂಥ ಕಡೆಯವು. ಅಲ್ಲಿ ಕಣ್ಣೆದುರೇ ಬೇಯಿಸ್ತಾರೆ, ಹೊಸ ತಟ್ಟೆ ಒಲೆಯಿಂದ ಬಂದಾಗ ಗಂಟೆ ಹೊಡೀತಾರೆ. ಗಂಟೆ ಯಾಕೆ ಹೊಡೀತಾರೆ ಅಂತ ಆಗಲೇ ಯೋಚಿಸಬೇಕಿತ್ತು. ನಮ್ಮ ಓಣಿಯ 5.5? ಸಂಜೆ 4:40.

(5/7)

ಸ್ವಲ್ಪ ಅಡುಗೆಯ ಮಾತು ಹೇಳ್ಲೇಬೇಕು, ಇಲ್ಲಾಂದ್ರೆ ಇದು ಅರ್ಥ ಆಗೋದಿಲ್ಲ. ಮೈದಾ ಹಿಟ್ಟು ಕಲಸಿ, ಬೆಣ್ಣೆ ಹಚ್ಚಿ, ಮಡಚಿ, ಲಟ್ಟಿಸಿ, ಮತ್ತೆ ಮಡಚಿ, ಕೊನೆಗೆ ಚಾಪೆ ಸುತ್ತಿದ ಹಾಗೆ ಸುತ್ತಿ ತುಂಡು ಮಾಡ್ತಾರೆ. ಚಿರೋಟಿ ಮಾಡಿ ಗೊತ್ತಿದ್ದವರಿಗೆ ಇದು ಕೈಗೇ ಗೊತ್ತಿರೋ ಕೆಲಸ. ಆ ತುಂಡನ್ನು ತಗಡಿನ ಅಚ್ಚಿನಲ್ಲಿಟ್ಟು, ಹೆಬ್ಬೆರಳು ನೀರಿನಲ್ಲಿ ಅದ್ದಿ, ತಳದಿಂದ ಅಂಚಿಗೆ ಒತ್ತುತ್ತಾ ಏರಿಸ್ತಾರೆ. ತಳ ತೆಳ್ಳಗೆ, ಅಂಚು ಸ್ವಲ್ಪ ದಪ್ಪ. ಒಳಗೆ ಹಾಕೋದು: ದಾಲ್ಚಿನ್ನಿ, ನಿಂಬೆ ಸಿಪ್ಪೆ ಹಾಕಿ ಕಾಸಿದ ಸಕ್ಕರೆ ಪಾಕ, ಹಿಟ್ಟು ಕಲಸಿದ ಹಾಲು, ಹಳದಿ. ಆಮೇಲೆ ಉರಿ. ಮನೆಯ ಓವನ್ 250 ಡಿಗ್ರಿಗೆ ಸುಸ್ತಾಗ್ತದೆ. ಬೇಕರಿಯವರು 300ಕ್ಕೂ ಮೇಲೆ ಕಾಯಿಸ್ತಾರೆ. ಅಷ್ಟು ಉರಿಯಲ್ಲಿ ಮಾತ್ರ ಮೇಲೆ ಕಪ್ಪು ಕಲೆ ಬಿದ್ದು ಒಳಗೆ ಇನ್ನೂ ಮೆತ್ತಗೆ ಉಳಿಯೋದು.

ಒಲೆಯಿಂದ ಇಳಿದ ಕ್ಷಣದಿಂದ ಅದರ ಆಯುಷ್ಯ ಕಡಿಮೆ ಆಗ್ತಾ ಹೋಗ್ತದೆ. ಕಸ್ಟರ್ಡಿನ ನೀರು ಹಾಳೆಗೆ ಇಳೀತದೆ, ಹಾಳೆ ಮೆತ್ತಗಾಗ್ತದೆ, ಕಸ್ಟರ್ಡ್ ಗಟ್ಟಿಯಾಗ್ತದೆ. ಮಧ್ಯಾಹ್ನ ಕರಿದ ಬಜ್ಜಿಗೆ ರಾತ್ರಿ ಅಂಕ ಕೊಟ್ಟ ಹಾಗೆ ನಾನು ಮಾಡಿದ್ದು.

ಈಗ ನನ್ನ ನಿಜವಾದ ತಕರಾರು. ಇಲ್ಲಿ ಬಹಳ ಕಾಫಿ ಅಂಗಡಿಗಳು ನಾತವನ್ನು ತಾವು ಮಾಡೋದಿಲ್ಲ. ಫ್ಯಾಕ್ಟರಿಯಿಂದ ಹೆಪ್ಪುಗಟ್ಟಿಸಿದ್ದು ಡಬ್ಬದಲ್ಲಿ ಬರ್ತದೆ, ಅಂಗಡಿಯವರು ಒಲೆಗೆ ಹಾಕಿ ತೆಗೀತಾರೆ. ಪೋರ್ಚುಗಲ್‌ನಿಂದ ಬೇರೆ ದೇಶಕ್ಕೂ ಹಾಗೇ ಹೋಗ್ತದೆ. ಹೊರಗೆ ಹಳೇ ಬೋರ್ಡು, ನೀಲಿ ಟೈಲ್ಸು, ಒಳಗೆ ಫ್ರೀಜರ್. ಅಂದ್ರೆ ನಾನು ಬೇರೆ ಬೇರೆ ಓಣಿಗೆ ಹೋಗಿ, ಬೇರೆ ಬೇರೆ ಅಂಕ ಕೊಟ್ಟು, "ಇಲ್ಲಿ ನಿಂಬೆ ಜಾಸ್ತಿ, ಅಲ್ಲಿ ಬೆಣ್ಣೆ ಚೆನ್ನಾಗಿದೆ" ಅಂತ ಬರೆದದ್ದರಲ್ಲಿ ಎಷ್ಟು ಒಂದೇ ಡಬ್ಬದಿಂದ ಬಂದದ್ದೋ. ಎರಡು ಹೋಟೆಲಿನವರೂ ಒಂದೇ ಕಂಪನಿಯ ಪ್ಯಾಕೆಟ್ ಹಿಟ್ಟಿನಲ್ಲಿ ದೋಸೆ ಹೊಯ್ದಾಗ, ನಾವು ಈ ಹೋಟೆಲ್ ದೋಸೆ ಮೇಲೋ ಆ ಹೋಟೆಲ್ ದೋಸೆ ಮೇಲೋ ಅಂತ ಜಗಳ ಆಡಿದ ಹಾಗೆ.

ಪ್ಯಾಕೆಟ್ ನಾತ ಕೆಟ್ಟದ್ದು ಅಂತ ನಾನು ಹೇಳೋ ಹಾಗಿಲ್ಲ, 8.5 ಕೊಟ್ಟವಳು ನಾನೇ. ಆದರೆ ಅದಕ್ಕೆ ಅಂಕ ಕೊಟ್ಟರೆ ಆ ಅಂಕ ಯಾರಿಗೆ? ಅಂಗಡಿಗಂತೂ ಅಲ್ಲ.

ಹಾಗಾಗಿ ಒಂದು ಬೋರ್ಡ್ ಹುಡುಕಿ ಅಂತ ನಿಮಗೆ ಹೇಳ್ತೇನೆ: ಫಬ್ರೀಕು ಪ್ರೋಪ್ರಿಯು. ಅಂದ್ರೆ ನಾವೇ ಮಾಡಿದ್ದು, ಸ್ವಂತ ತಯಾರಿಕೆ. ಹಳೇ ಪಶ್ತೆಲರಿಯಗಳ ಬಾಗಿಲ ಮೇಲೋ ಗಾಜಿನ ಮೇಲೋ ಬರೆದಿರ್ತದೆ. ಬೋರ್ಡ್ ಇದ್ದ ಮಾತ್ರಕ್ಕೆ ನಂಬಬೇಡಿ, ಕೇಳಿ. "ಇವತ್ತು ಎಷ್ಟು ಗಂಟೆಗೆ ಬೇಯಿಸಿದ್ದು?" ಅಂತ ಕೇಳಿದ್ರೆ ತಾವೇ ಮಾಡುವವರು ತಕ್ಷಣ ಗಂಟೆ ಹೇಳ್ತಾರೆ. ಮಾಡದವರು "ಫ್ರೆಶ್, ಫ್ರೆಶ್" ಅಂತಾರೆ.

(6/7)

ನಾಲ್ಕನೇ ಫೋಟೋ ಮೊನ್ನೆ ಮಂಗಳವಾರದ್ದು. ಬೆಳಿಗ್ಗೆ 7:20. ಅದೇ ಸ್ಟೀಲ್ ಕೌಂಟರ್.

ಒಳಗೆ ಹೋಗಿ ಒಂದು ಬಿಕಾ, ಒಂದು ನಾತ ಅಂದೆ. ಕೌಂಟರಿನ ಹಿಂದಿನ ಅಮ್ಮ ನನ್ನನ್ನೇ ನೋಡಿದರು. ಆಮೇಲೆ ಐದು ಬೆರಳು ತೋರಿಸಿ, ತೋರುಬೆರಳನ್ನು ಅರ್ಧ ಮಡಚಿ, "ನೀನೇ ಅಲ್ವಾ?" ಅಂದರು. ನಮ್ಮ ಓಣಿಯಲ್ಲಿರೋ ಕನ್ನಡದ ಹುಡುಗನೊಬ್ಬ ಫೋಟೋ ತೋರಿಸಿದ್ದನಂತೆ. (ನೀನು ಇದನ್ನು ಓದ್ತಾ ಇದ್ದೀಯ ಅಂತ ಗೊತ್ತು. ಆಮೇಲೆ ಮಾತಾಡ್ತೇನೆ ನಿನ್ನ ಹತ್ರ.) ಕನ್ನಡ ಓದೋಕೆ ಬಾರದಿದ್ರೇನು, ಅಂಕಿ ಎಲ್ಲರಿಗೂ ಅರ್ಥ ಆಗ್ತದೆ.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. "ಎಷ್ಟರಲ್ಲಿ?" ಅಂತ ಕೇಳಿದರು. ಹತ್ತರಲ್ಲಿ ಅಂದೆ. "ಎಷ್ಟು ಗಂಟೆಗೆ ತಿಂದದ್ದು?" ಸಂಜೆ, ನಾಲ್ಕೂ ಮುಕ್ಕಾಲರ ಹತ್ತಿರ ಅಂದೆ. ಅವರು ಜೋರಾಗಿ ನಕ್ಕರು. "ಹಾಗಾದ್ರೆ ಐದೂವರೆ ಜಾಸ್ತಿಯೇ ಆಯ್ತು."

ಅಂಗಡಿ ಖಾಲಿ ಇತ್ತು, ಮಾತಾಡಿದರು. ಒಳಗೆ ಮಾಡೋದು ಅವರ ಗಂಡ, ವಯಸ್ಸು 68. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚೋದು. ಏಳಕ್ಕೆ ನಾಲ್ಕು ಡಜನ್ ನಾತ ಇಳೀತದೆ. ಮೊದಲು ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ ಬೇಯಿಸ್ತಿದ್ರಂತೆ. ನೇಪಾಳದ ಹುಡುಗನೊಬ್ಬ ಕೈಜೋಡಿಸ್ತಿದ್ದ, ಕೈ ಚೆನ್ನಾಗಿತ್ತು, ಹೆಬ್ಬೆರಳು ಒತ್ತೋದು ಒಂದೇ ವಾರಕ್ಕೆ ಕಲಿತ. ಎರಡು ವರ್ಷದ ಹಿಂದೆ ಪ್ರವಾಸಿಗರ ಕಡೆಯ ದೊಡ್ಡ ಅಂಗಡಿಗೆ ಹೋದ, ಅಲ್ಲಿ ಸಂಬಳ ಜಾಸ್ತಿ. ಅವರಿಗೆ ಅದರ ಬಗ್ಗೆ ಸಿಟ್ಟಿಲ್ಲ. "ಅವನಿಗೂ ಬಾಡಿಗೆ ಕಟ್ಟಬೇಕಲ್ಲ" ಅಂದರು. ಆಮೇಲೆ ಯಾರೂ ಬರಲಿಲ್ಲ. ಮಗ ಬೇರೆ ದೇಶದಲ್ಲಿ. ಹಾಗಾಗಿ ಏಳು ಗಂಟೆಯದ್ದೇ ದಿನವಿಡೀ. ನಾನು ತಿಂದದ್ದು ಒಂಬತ್ತೂವರೆ ಗಂಟೆ ಹಳೆಯದು.

ಕಾಫಿ ಮಿಷನ್ನಿನ ಪಕ್ಕ ಒಂದು ಬಣ್ಣದ ಕ್ಯಾಟಲಾಗ್ ಇತ್ತು. ಹೆಪ್ಪುಗಟ್ಟಿಸಿದ ತಿಂಡಿಯ ಕಂಪನಿಯದ್ದು. ಆಳು ಮೂರು ಸಲ ಬಂದು ಹೋಗಿದ್ದಾನಂತೆ, ಫ್ರೀಜರನ್ನೂ ಅವರೇ ಕೊಡ್ತಾರಂತೆ. "ತಗೊಂಡ್ರೆ ಅವರು ಏಳು ಗಂಟೆವರೆಗೆ ಮಲಗ್ಬಹುದು" ಅಂದರು, ಒಳಗಿನ ಬಾಗಿಲ ಕಡೆ ಕಣ್ಣು ತೋರಿಸಿ. ವರ್ಷದ ಕೊನೆಯೊಳಗೆ ತೀರ್ಮಾನ ಮಾಡ್ಬೇಕು.

ನನ್ನ ಬಾಯಿಗೆ ಮೊದಲು ಬಂದ ಮಾತು: "ಬೇಡ, ದಯವಿಟ್ಟು ತಗೋಬೇಡಿ."

(7/7)

ಹೇಳಿದ ಮೇಲೆ ಮೆಟ್ರೋದಲ್ಲಿ ಕೂತು ಯೋಚಿಸಿದೆ. ಹೋದ ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿ, ತೋಟ ಗೇಣಿಗೆ ಕೊಡ್ತೇನೆ ಅಂದಿದ್ದ. ಕೊನೆ ಕೊಯ್ಯೋಕೆ ಮರ ಹತ್ತುವವರು ಸಿಕ್ಕೋದಿಲ್ಲ, ಔಷಧಿ ಹೊಡೆಯೋಕೆ ಜನ ಇಲ್ಲ, ಕೊಳೆ ರೋಗ, ಬಳ್ಳಿಗೆ ಸೊರಗು ರೋಗ. ನಾನು ಆಗಲೂ ಅದೇ ಅಂದಿದ್ದೆ. "ಬೇಡ ಅಪ್ಪ, ಹಾಗೇ ಇರ್ಲಿ." ಎಲ್ಲಿಂದ ಅಂದದ್ದು? ಲಿಸ್ಬನ್ನಿನ ಎರಡನೇ ಮಹಡಿಯಿಂದ. ಅಪ್ಪನಿಗೆ 71. ಅವನು ಒಂದು ಕ್ಷಣ ಸುಮ್ಮನಿದ್ದು, "ಅಡ್ಡಿಲ್ಲೆ, ನೋಡನ" ಅಂದ.

ಬೇರೆಯವರ ನಾಲ್ಕು ಗಂಟೆ ಏಳೋದರ ಮೇಲೆ ನನಗೆ ತುಂಬ ಪ್ರೀತಿ, ಗೊತ್ತಾಯ್ತಾ?

ಹಾಗಾಗಿ ಆ ಅಂಗಡಿಯವರು ಫ್ರೀಜರ್ ತಗೊಂಡ್ರೆ ನಾನು ಒಂದು ಮಾತೂ ಆಡೋದಿಲ್ಲ. ಬಿಕಾ ಅಲ್ಲೇ ಕುಡೀತೇನೆ. ಆದರೆ ಆವತ್ತಿನಿಂದ ಬಾಗಿಲ ಮೇಲಿನ ಫಬ್ರೀಕು ಪ್ರೋಪ್ರಿಯು ಇಳಿಸಬೇಕು ಅಂತ ಮಾತ್ರ ನನ್ನ ಅಭಿಪ್ರಾಯ, ಅದನ್ನು ಅವರಿಗೂ ಹೇಳ್ತೇನೆ. ಅದು ಇಡೀ ಊರಿಗೂ ಅನ್ವಯ. ಮಾಡುವವರು ಬರೆದುಕೊಳ್ಳಲಿ, ಬಿಸಿ ಮಾಡುವವರು ಅದನ್ನೇ ಬರೆದುಕೊಳ್ಳಲಿ, ಎರಡಕ್ಕೂ ಒಂದೇ ದುಡ್ಡು ತಗೊಳ್ಳೋದು ಬೇಡ. ಈಗ ಎರಡೂ ಒಂದೂವರೆ ಯೂರೋ ಆಸುಪಾಸು. ನಾಲ್ಕು ಗಂಟೆಗೆ ಎದ್ದದ್ದಕ್ಕೆ ಐದು ಸೆಂಟ್ ಕೂಡ ಜಾಸ್ತಿ ಇಲ್ಲ. ಗಿರಾಕಿಗಳಾದ ನಾವು ಕೇಳದೇ ಇದ್ರೆ ಅದು ಹಾಗೇ ಇರ್ತದೆ.

ಇನ್ನು ಈ ಸರಣಿಯ ಬಗ್ಗೆ. ಹಳೇ ಹದಿಮೂರು ಅಂಕಗಳನ್ನು ಅಳಿಸೋದಿಲ್ಲ, ಪ್ರತಿಯೊಂದರ ಪಕ್ಕ ಹೊತ್ತು ಬರೀತಾ ಬಂದಿದ್ದೇನೆ, ಇವತ್ತು ರಾತ್ರಿಯೊಳಗೆ ಮುಗೀತದೆ. ಮುಂದೆ ಒಂದು ಅಂಗಡಿಗೆ ಎರಡು ಸಲ ಹೋಗದೆ ಅಂಕ ಹಾಕೋದಿಲ್ಲ, ಒಂದು ಸಲ ಒಲೆಯಿಂದ ಇಳಿದ ಅರ್ಧ ಗಂಟೆಯೊಳಗೆ. ಮಾಡಿದ್ದು ಯಾರು ಅಂತ ಕೇಳ್ತೇನೆ. ಉತ್ತರ ಸಿಗದಿದ್ರೆ ಫೋಟೋ ಹಾಕ್ತೇನೆ, ಅಂಕ ಇಲ್ಲ. ಇದರಿಂದ ಕಂತುಗಳು ನಿಧಾನ ಆಗ್ತವೆ. ಆಗ್ಲಿ. ಟಾಪ್ 5 ಪಟ್ಟಿ ಕೇಳಿದವರು ಕ್ಷಮಿಸಿ, ಅದು ಬರೋದಿಲ್ಲ. ಎರಡು ದಿನಕ್ಕೆ ಲಿಸ್ಬನ್ನಿಗೆ ಬರುವವರು ಬೆಲೇಂಗೆ ಹೋಗಿ, ಆಮೇಲೆ ನೀವು ಉಳ್ಕೊಂಡ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಯಾವ ಅಂಗಡಿಯಲ್ಲಿ ಬೆಳಿಗ್ಗೆ ಹೊಗೆ ಬರ್ತಾ ಇದೆಯೋ ಅಲ್ಲಿಗೆ ಹೋಗಿ. ಕೂರೋದಕ್ಕಿಂತ ಕೌಂಟರಿನಲ್ಲಿ ನಿಂತು ತಿನ್ನಿ, ಬಹಳ ಕಡೆ ಅಗ್ಗ.

ಕೊನೆಯ ಫೋಟೋ: ಮಂಗಳವಾರದ ನಾತ, ಕಚ್ಚಿದ ಮೇಲೆ. ತಳ ತಿರುಗಿಸಿ ತೆಗೆದದ್ದು, ಸುರುಳಿ ಕಾಣ್ತದೆ. ಹಾಳೆ ಮುರಿದ ಸದ್ದು ಕೌಂಟರಿನ ಆಚೆ ಕೇಳಿಸ್ತು. ಪಾಕ ಒಂದು ಚೂರು ಜಾಸ್ತಿ ಸಿಹಿ, ದಾಲ್ಚಿನ್ನಿ ಕಡಿಮೆ ಅಂತ ನನ್ನ ನಾಲಿಗೆಗೆ. ಅದನ್ನೂ ಅವರಿಗೆ ಹೇಳಿದೆ. ಒಳಗಿನಿಂದ ಗಂಡ ತಲೆ ಹೊರಗೆ ಹಾಕಿ, ಡಬ್ಬಿ ಅಲ್ಲೇ ಇದೆ, ಹಾಕ್ಕೋ ಅಂದರು.

ಬೆಳಿಗ್ಗೆ 7:20ಕ್ಕೆ, 8. ಸಂಜೆ 4:40ಕ್ಕೆ, ಮೊದಲಿನ ಹಾಗೇ 5.5.